ಕೇಳಿದ್ದಕ್ಕಷ್ಟೇ ಉತ್ತರಿಸುವ ಪರೀಕ್ಷೆ

2020ರಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡವರಿಗೆಲ್ಲ ಆರ್‌ಟಿ-ಪಿಸಿಆರ್ ಎಂಬ ಹೆಸರು ಬಾಯಿಪಾಠವಾಯಿತು. ಪಾಸಿಟಿವ್ವೋ ನೆಗೆಟಿವ್ವೋ ಎಂದು ಮನೆಮಂದಿಯೆಲ್ಲ ಮೊಬೈಲ್ ಹಿಡಿದು ಕಾದರು. ಆ ಒಂದು ಪದದ ಹಿಂದೆ ಏನು ನಡೆಯುತ್ತದೆ ಎಂದು ವಿವರಿಸುವ ಪುರುಸೊತ್ತು ಆಗ ಯಾರಿಗೂ ಇರಲಿಲ್ಲ. ಕೋವಿಡ್ ಹಿಂದೆ ಸರಿಯಿತು, ಪರೀಕ್ಷೆ ಉಳಿಯಿತು. ಕ್ಷಯ, ಡೆಂಗಿ, ಮಂಗನ ಕಾಯಿಲೆ ಎಲ್ಲದಕ್ಕೂ ಇಂದು ಅದು ಬೇಕು. ಅದು ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬುದು ವೈದ್ಯರಿಗೆ ಮಾತ್ರವಲ್ಲ, ರೋಗಿಗೂ ತಿಳಿದಿರಬೇಕು.

ರೋಗಿಯ ರಕ್ತದಲ್ಲೋ ಕಫದಲ್ಲೋ ರೋಗಾಣುವಿನ ಡಿಎನ್‌ಎ ಇರುವುದು ತೀರ ಅಲ್ಪ. ನೇರವಾಗಿ ಪತ್ತೆಹಚ್ಚಲು ಅದು ಸಾಲದು. ಅದನ್ನು ಕೋಟಿಗಟ್ಟಲೆಯಾಗಿ ಹೆಚ್ಚಿಸುವುದೇ ಪಿಸಿಆರ್, ಅಂದರೆ ಪಾಲಿಮರೇಸ್ ಚೈನ್ ರಿಯಾಕ್ಷನ್‌ನ ಕೆಲಸ. ಸುಮಾರು 95 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಡಿಎನ್‌ಎಯ ಎರಡು ಎಳೆಗಳು ಬೇರೆಯಾಗುತ್ತವೆ. 55–60 ಡಿಗ್ರಿಗೆ ತಣಿಸಿದಾಗ, ದ್ರಾವಣಕ್ಕೆ ಮೊದಲೇ ಹಾಕಿಟ್ಟ ಪ್ರೈಮರ್ ಎಂಬ ಚಿಕ್ಕ ತುಣುಕುಗಳು ತಮಗೆ ಹೊಂದುವ ಜಾಗ ಹುಡುಕಿ ಅಂಟಿಕೊಳ್ಳುತ್ತವೆ. 72 ಡಿಗ್ರಿಗೆ ಏರಿಸಿದಾಗ ಪಾಲಿಮರೇಸ್ ಕಿಣ್ವವು ಅಲ್ಲಿಂದ ಮುಂದಕ್ಕೆ ಹೊಸ ಎಳೆಯನ್ನು ಕಟ್ಟುತ್ತದೆ. ಒಂದು ಎರಡಾಯಿತು. ಮತ್ತೆ ಕಾಯಿಸಿದರೆ ನಾಲ್ಕು, ಮತ್ತೆ ಎಂಟು. ಹೀಗೆ 30 ಸುತ್ತು ಮುಗಿಯುವಷ್ಟರಲ್ಲಿ ಒಂದೇ ತುಣುಕು ಲೆಕ್ಕದ ಪ್ರಕಾರ 107 ಕೋಟಿಯಾಗಿರುತ್ತದೆ. ಯಂತ್ರಕ್ಕೆ ಇದಕ್ಕೆಲ್ಲ ಒಂದೆರಡು ಗಂಟೆ ಸಾಕು. ಕೊರೊನಾದಂಥ ಆರ್‌ಎನ್‌ಎ ವೈರಸ್ಸಾದರೆ ಮೊದಲು ಅದನ್ನು ಡಿಎನ್‌ಎಗೆ ನಕಲು ಮಾಡಿಕೊಳ್ಳಬೇಕು. ಹೆಸರಿನ ಮುಂದಿರುವ 'ಆರ್‌ಟಿ' ಆ ಹೆಜ್ಜೆಯದು.

ಇಡೀ ತಂತ್ರದ ಜೀವ ಇರುವುದು ಪ್ರೈಮರಿನಲ್ಲಿ. ಡಿಎನ್‌ಎಯ ನಾಲ್ಕು ಅಕ್ಷರಗಳಿಂದ ರಚಿಸಿದ, ಸುಮಾರು 20 ಅಕ್ಷರ ಉದ್ದದ ಸಾಲು ಅದು. ನಾಲ್ಕೇ ಅಕ್ಷರಗಳಾದರೂ 20ರ ಉದ್ದದಲ್ಲಿ ಅವುಗಳಿಂದ ಒಂದು ಲಕ್ಷ ಕೋಟಿಗೂ ಹೆಚ್ಚು ಬಗೆಯ ಸಾಲುಗಳನ್ನು ಮಾಡಬಹುದು. ಮನುಷ್ಯನ ಇಡೀ ಜೀನೋಮಿನ ಉದ್ದವೇ ಸುಮಾರು 300 ಕೋಟಿ ಅಕ್ಷರ. ಹೀಗಾಗಿ ಜಾಣತನದಿಂದ ಆರಿಸಿದ ಪ್ರೈಮರ್ ತಪ್ಪು ಜಾಗದಲ್ಲಿ ಕೂರುವ ಸಂಭವ ಬಹಳ ಕಡಿಮೆ. ಇದರ ಇನ್ನೊಂದು ಮುಖವೂ ಇದೆ: ಡೆಂಗಿಯ ಪ್ರೈಮರ್ ಹಾಕಿದ ನಳಿಕೆ ಡೆಂಗಿಯ ಬಗ್ಗೆ ಮಾತ್ರ ಹೇಳುತ್ತದೆ. ಅದೇ ರಕ್ತದಲ್ಲಿ ಬೇರೆ ಜ್ವರದ ವೈರಸ್ ತುಂಬಿದ್ದರೂ ವರದಿ ನೆಗೆಟಿವ್ ಎಂದೇ ಬರುತ್ತದೆ.

ಈ ವಿಧಾನದ ಕೀರ್ತಿ ಸಂದಿರುವುದು ಕ್ಯಾಲಿಫೋರ್ನಿಯಾದ ಸೀಟಸ್ ಕಂಪನಿಯಲ್ಲಿದ್ದ ಕ್ಯಾರಿ ಮುಲ್ಲಿಸ್ ಅವರಿಗೆ. 1983ರಲ್ಲಿ ಅವರಿಗೆ ಹೊಳೆದ ಉಪಾಯಕ್ಕೆ 1993ರಲ್ಲಿ ನೊಬೆಲ್ ಬಂತು. ಆದರೆ ಎರಡು ಪ್ರೈಮರ್ ಬಳಸಿ ಡಿಎನ್‌ಎ ತುಣುಕನ್ನು ನಕಲಿಸುವ ಯೋಜನೆಯನ್ನು ಹರಗೋವಿಂದ ಖೊರಾನಾ ಅವರ ಪ್ರಯೋಗಾಲಯದ ಶೆಲ್ ಕ್ಲೆಪ್ಪೆ ಮತ್ತು ಸಂಗಡಿಗರು 1971ರಲ್ಲೇ ಪ್ರಕಟಿಸಿದ್ದರು. ಆಗ ಪ್ರೈಮರ್ ತಯಾರಿಸುವುದೇ ದೊಡ್ಡ ಸಾಹಸವಾಗಿತ್ತು, ಜೀನುಗಳ ಅಕ್ಷರಮಾಲೆಯೂ ಹೆಚ್ಚಿಗೆ ತಿಳಿದಿರಲಿಲ್ಲ. ಪಿಸಿಆರ್ ಕಥೆ ಹೇಳುವಾಗ ಖೊರಾನಾ ತಂಡವನ್ನು ಮರೆಯುವುದು ನ್ಯಾಯವಲ್ಲ.

ಮುಲ್ಲಿಸ್ ವಿಧಾನಕ್ಕೂ ಮೊದಲಿಗೆ ಒಂದು ತೊಡಕಿತ್ತು. ಪ್ರತಿ ಸುತ್ತಿನ ಬಿಸಿಗೆ ಕಿಣ್ವ ಕೆಟ್ಟುಹೋಗಿ, ಪ್ರತಿ ಸಲವೂ ಹೊಸದಾಗಿ ಹಾಕಬೇಕಿತ್ತು. ಪರಿಹಾರ ಬಂದದ್ದು ಅಮೆರಿಕದ ಯೆಲ್ಲೊಸ್ಟೋನ್ ಉದ್ಯಾನದ ಬಿಸಿನೀರಿನ ಬುಗ್ಗೆಯಿಂದ. ಕುದಿಬಿಂದುವಿಗೆ ಸಮೀಪದ ನೀರಿನಲ್ಲೂ ಜೀವ ಇದ್ದೀತೇ ಎಂಬ ಕುತೂಹಲದಿಂದ ಥಾಮಸ್ ಬ್ರಾಕ್ ಮತ್ತು ಅವರ ವಿದ್ಯಾರ್ಥಿ ಹಡ್ಸನ್ ಫ್ರೀಜ್ 1960ರ ದಶಕದಲ್ಲಿ ಅಲ್ಲಿಂದ ಥರ್ಮಸ್ ಅಕ್ವಾಟಿಕಸ್ ಎಂಬ ಬ್ಯಾಕ್ಟೀರಿಯಾವನ್ನು ತಂದಿದ್ದರು. ಅದರ ಪಾಲಿಮರೇಸ್ ಬಿಸಿಗೆ ಜಗ್ಗುವುದಿಲ್ಲ. ಆ 'ಟ್ಯಾಕ್' ಕಿಣ್ವ ಬಂದ ಮೇಲೆ ಕೆಲಸವೆಲ್ಲ ಯಂತ್ರದ ಪಾಲಾಯಿತು. ಇದರಿಂದ ಏನು ಪ್ರಯೋಜನ ಎಂದು ಮೂಲವಿಜ್ಞಾನಿಗಳನ್ನು ಕೇಳುವವರು ಈ ಬುಗ್ಗೆಯನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಹೆಚ್ಚಿಸುವ ಶಕ್ತಿಯೇ ಈ ಪರೀಕ್ಷೆಯ ಅಪಾಯವೂ ಹೌದು. ಹಿಂದಿನ ಪರೀಕ್ಷೆಯ ಕಣವೊಂದು ಗಾಳಿಯಲ್ಲಿ ತೇಲಿ ಬಂದು ನಳಿಕೆಗೆ ಬಿದ್ದರೂ ಅದೂ ಕೋಟಿಯಾಗುತ್ತದೆ, ಇಲ್ಲದ ರೋಗ ವರದಿಯಲ್ಲಿ ಕಾಣಿಸುತ್ತದೆ. ಆದ್ದರಿಂದಲೇ ಒಳ್ಳೆಯ ಪ್ರಯೋಗಾಲಯಗಳು ಮಿಶ್ರಣ ಮಾಡುವ ಕೋಣೆಯನ್ನೂ ಹೆಚ್ಚಿಸುವ ಕೋಣೆಯನ್ನೂ ಬೇರೆ ಬೇರೆ ಇಡುತ್ತವೆ. ರೋಗಿಗಳ ಮಾದರಿಗಳ ಜೊತೆ ಬರೀ ನೀರಿನ ನಳಿಕೆಯೊಂದನ್ನೂ ಓಡಿಸುತ್ತವೆ. ನೀರೂ ಪಾಸಿಟಿವ್ ಬಂದರೆ ಆ ದಿನದ ಫಲಿತಾಂಶವನ್ನು ನಂಬುವಂತಿಲ್ಲ. ಇನ್ನೊಂದು ಮಿತಿ: ವೈರಸ್ ಜೀವಂತವಿದೆಯೋ ಅದರ ಅವಶೇಷ ಮಾತ್ರ ಉಳಿದಿದೆಯೋ ಎಂದು ಪಿಸಿಆರ್ ಹೇಳಲಾರದು. ಕೋವಿಡ್‌ನಿಂದ ಗುಣವಾದ ಕೆಲವರು ವಾರಗಟ್ಟಲೆ ಪಾಸಿಟಿವ್ ಆಗಿಯೇ ಇದ್ದದ್ದು ಇದರಿಂದ. ಎಷ್ಟನೇ ಸುತ್ತಿಗೆ ಸಂಕೇತ ಕಂಡಿತು ಎಂಬ ಸಿಟಿ ಅಂಕಿ ಮಾದರಿಯಲ್ಲಿದ್ದ ಪ್ರಮಾಣದ ಸುಳಿವು ಕೊಡುತ್ತದೆ, ಅಂಕಿ ಕಡಿಮೆಯಾದಷ್ಟೂ ಪ್ರಮಾಣ ಹೆಚ್ಚು. ಆದರೆ ಕಡ್ಡಿ ಸರಿಯಾಗಿ ಹಾಕದಿದ್ದರೂ ಆ ಅಂಕಿ ಏರುತ್ತದೆ. ರೋಗದ ತೀವ್ರತೆಯನ್ನು ಅದೊಂದರಿಂದಲೇ ಅಳೆಯಬಾರದು.

ಇದೇ ತಂತ್ರದಿಂದ ಅಪರಾಧದ ಜಾಗದಲ್ಲಿ ಸಿಕ್ಕ ಒಣ ರಕ್ತದ ಕಲೆ ಸಾಕ್ಷಿಯಾಗುತ್ತದೆ. ಕಾಡಿನಲ್ಲಿ ಆರಿಸಿ ತಂದ ಮಲದಿಂದಲೇ ಹುಲಿಗಳನ್ನು ಒಂದೊಂದಾಗಿ ಗುರುತಿಸಬಹುದು. ಬೆಂಗಳೂರಿನ ಎನ್‌ಸಿಬಿಎಸ್ ಸಂಶೋಧನಾ ಸಂಸ್ಥೆಯಲ್ಲಿ ಉಮಾ ರಾಮಕೃಷ್ಣನ್ ಅವರ ತಂಡ ಇಂಥ ಅಧ್ಯಯನಗಳನ್ನು ನಡೆಸಿದೆ. ಬೆಂಗಳೂರಿನ ಬಿಗ್‌ಟೆಕ್ ಮತ್ತು ಗೋವಾದ ಮೋಲ್‌ಬಯೋ ಸೇರಿ ರೂಪಿಸಿದ ಟ್ರೂನ್ಯಾಟ್ ಬ್ಯಾಟರಿಯಲ್ಲೇ ಓಡುವ ಪುಟ್ಟ ಪಿಸಿಆರ್ ಯಂತ್ರ. ಕ್ಷಯದ ಪತ್ತೆಗೆ ಅದನ್ನು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಅಂಗೀಕರಿಸಿತು. ದೊಡ್ಡಾಸ್ಪತ್ರೆಯ ಯಂತ್ರಕ್ಕಿಂತ ಪ್ರಾಥಮಿಕ ಆರೋಗ್ಯ ಕೇಂದ್ರದ ಮೇಜಿನ ಮೇಲಿನ ಈ ಯಂತ್ರವೇ ನಮಗೆ ಹೆಚ್ಚು ಮುಖ್ಯ.

ಮಲೆನಾಡಿನವರಿಗೆ ಒಂದು ಮಾತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆಯ ವೈರಸ್ ಉಣುಗಿನ ಕಡಿತದಿಂದ ಬರುತ್ತದೆ. ರಕ್ತದಲ್ಲಿ ಅದು ಪಿಸಿಆರ್‌ಗೆ ಚೆನ್ನಾಗಿ ಸಿಗುವುದು ಜ್ವರದ ಆರಂಭದ ದಿನಗಳಲ್ಲಿ. ಆಮೇಲೆ ಪ್ರತಿಕಾಯಗಳನ್ನು ಹುಡುಕುವ ಬೇರೆ ಪರೀಕ್ಷೆ ಬೇಕಾಗುತ್ತದೆ. ಬೇಸಿಗೆಯ ತಿಂಗಳುಗಳಲ್ಲಿ ಕಾಡಿಗೆ ಹೋಗಿಬಂದ ಮೇಲೆ ಜ್ವರ ಕಾಣಿಸಿದರೆ ಮಾತ್ರೆ ನುಂಗಿ ವಾರ ಕಳೆಯಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದನ್ನೂ ಜ್ವರ ಶುರುವಾದ ದಿನವನ್ನೂ ವೈದ್ಯರಿಗೆ ತಪ್ಪದೆ ತಿಳಿಸಿ.