ಕಾರ್ಯದರ್ಶಿಯ ಒಂದು ಸಹಿ

1885ರ ಭಾರತೀಯ ಟೆಲಿಗ್ರಾಫ್ ಕಾಯ್ದೆಯ ಐದನೇ ಕಲಮನ್ನು ಅದರ ಮೂಲರೂಪದಲ್ಲಿ ಓದಬೇಕು. ಸಾರ್ವಜನಿಕ ತುರ್ತು ಬಂದೊದಗಿದರೆ ಸರ್ಕಾರ ಯಾರ ತಂತಿಯನ್ನಾದರೂ ತಡೆಹಿಡಿಯಬಹುದಿತ್ತು, ತನ್ನ ಕೈಗೆ ತರಿಸಿಕೊಳ್ಳಬಹುದಿತ್ತು. ಅಂಥ ತುರ್ತು ನಿಜವಾಗಿಯೂ ಇದೆಯೇ ಎಂದು ಯಾರಿಗಾದರೂ ಸಂಶಯ ಬಂದರೆ? ಸರ್ಕಾರದ ಕಾರ್ಯದರ್ಶಿ ಸಹಿ ಹಾಕಿದ ಪ್ರಮಾಣಪತ್ರವೇ ಅದಕ್ಕೆ ಕಡೆಯ ಸಾಕ್ಷ್ಯ. ಪ್ರಶ್ನೆ ಅಲ್ಲಿಗೆ ಮುಗಿಯಿತು.

ನಾಲ್ಕನೇ ಕಲಮು ಇದಕ್ಕೆ ತಳಪಾಯ. ತಂತಿ ಎಳೆಯುವ, ನಡೆಸುವ ಹಕ್ಕು ಸರ್ಕಾರವೊಂದಕ್ಕೇ. ಉಳಿದವರು ಅದರ ಷರತ್ತಿಗೆ ಒಪ್ಪಿ, ಶುಲ್ಕ ಕಟ್ಟಿ, ಲೈಸೆನ್ಸು ಪಡೆಯಬೇಕು. ಈ ಒಡೆತನ ಕಂಪನಿ ಕಾಲದಲ್ಲೇ ಬೇರೂರಿತ್ತು. ವೈದ್ಯನಾಗಿದ್ದ ಒಶಾನೆಸಿ ಕಲ್ಕತ್ತೆಯಿಂದ ಡೈಮಂಡ್ ಹಾರ್ಬರಿಗೆ ತಂತಿ ಎಳೆದ ಕೆಲವೇ ವರ್ಷಗಳಲ್ಲಿ, 1854ರಲ್ಲಿ, ಮೊದಲ ಕಾಯ್ದೆ ಬಂತು. 1857ರ ಮೇ ತಿಂಗಳಲ್ಲಿ ಸಿಪಾಯಿಗಳು ದಂಗೆ ಎದ್ದಾಗ ದಿಲ್ಲಿಯಿಂದ ಅಂಬಾಲಕ್ಕೆ ಹೋದ ತಂತಿ ಪಂಜಾಬಿನ ಅಧಿಕಾರಿಗಳನ್ನು ಎಚ್ಚರಿಸಿತು. ಆ ಅನುಭವದ ಮೇಲೆ ತಂತಿಯನ್ನು ಬರೀ ವ್ಯಾಪಾರದ ಸೌಕರ್ಯವೆಂದು ಯಾವ ಆಳರಸನೂ ಕಾಣಲಾರ.

ಟೆಲಿಫೋನು ಬಂದಾಗ ಖಾಸಗಿಯವರಿಗೆ ದಾರಿ ಬಿಟ್ಟರು. 1881ರಲ್ಲಿ ಓರಿಯಂಟಲ್ ಟೆಲಿಫೋನ್ ಕಂಪನಿಗೆ ಲೈಸೆನ್ಸು ಸಿಕ್ಕಿತು, ಮರುವರ್ಷ ಕಲ್ಕತ್ತೆಯಲ್ಲಿ ಎಕ್ಸ್‌ಚೇಂಜು ತೆರೆಯಿತು. ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ಕಲ್ಕತ್ತ, ಬೊಂಬಾಯಿ, ಮದರಾಸಿನ ಟೆಲಿಫೋನ್ ಕಂಪನಿಗಳನ್ನು ಸರ್ಕಾರ ವಶಕ್ಕೆ ತೆಗೆದುಕೊಂಡಿತು.

ನನ್ನನ್ನು ಹೆಚ್ಚು ಕಾಡುವುದು ರೇಡಿಯೊದ ಕಥೆ. 1933ರ ವೈರ್‌ಲೆಸ್ ಕಾಯ್ದೆಯ ಪ್ರಕಾರ ಪ್ರಸಾರ ಮಾಡುವುದಿರಲಿ, ಲೈಸೆನ್ಸಿಲ್ಲದೆ ಯಂತ್ರವನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧ. ಅದಾಗಿ ಎರಡೇ ವರ್ಷಕ್ಕೆ, ಅರಸರ ಆಳ್ವಿಕೆಯ ಮೈಸೂರಿನಲ್ಲಿ, ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ಒಬ್ಬ ಮೇಷ್ಟ್ರ ಉತ್ಸಾಹದಿಂದ ಊರಿಗೆ ಊರೇ ಕೇಳುವಂಥ ದನಿ ಹುಟ್ಟಿತು. 1942ರ ಆಗಸ್ಟಿನಲ್ಲಿ ಬೊಂಬಾಯಿಯ ಉಷಾ ಮೆಹ್ತಾ ಮತ್ತು ಸಂಗಡಿಗರು ಗುಟ್ಟಾಗಿ ಕಾಂಗ್ರೆಸ್ ರೇಡಿಯೊ ನಡೆಸಿದಾಗ ಅವರಿಗೆ ಲೈಸೆನ್ಸು ಕೊಡುವವರೂ ಇರಲಿಲ್ಲ, ಅವರು ಕೇಳುವಂತೆಯೂ ಇರಲಿಲ್ಲ. ಪೊಲೀಸರ ಕಣ್ಣು ತಪ್ಪಿಸಲು ಜಾಗದಿಂದ ಜಾಗಕ್ಕೆ ಯಂತ್ರ ಹೊತ್ತರು. ಮೂರು ತಿಂಗಳು ತುಂಬುವ ಮೊದಲೇ ಸಿಕ್ಕಿಬಿದ್ದರು. ಉಷಾ ಅವರಿಗೆ ನಾಲ್ಕು ವರ್ಷ ಸೆರೆ. ಇಪ್ಪತ್ತೆರಡರ ಹುಡುಗಿಯ ಮಾತಿಗೆ ಸಾಮ್ರಾಜ್ಯ ಅಷ್ಟು ಅಂಜಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಈ ಕಾಯ್ದೆಗಳನ್ನು ಮೊದಲು ಕಿತ್ತುಹಾಕಬೇಕಿತ್ತು. ಹಾಗಾಗಲಿಲ್ಲ. ರೇಡಿಯೊ ಇಟ್ಟುಕೊಂಡವರು ದಶಕಗಳ ಕಾಲ ಅಂಚೆ ಕಚೇರಿಗೆ ಹೋಗಿ ಲೈಸೆನ್ಸು ನವೀಕರಿಸಿದರು. ಫೋನ್ ಕದ್ದಾಲಿಕೆಗೂ ಅದೇ ಐದನೇ ಕಲಮು ಆಧಾರವಾಯಿತು. 1996ರಲ್ಲಿ ಸುಪ್ರೀಂ ಕೋರ್ಟು, ಟೆಲಿಫೋನ್ ಮಾತುಕತೆಯೂ ಖಾಸಗಿತನದ ಹಕ್ಕಿನ ಭಾಗವೆಂದು ಹೇಳಿ ಕದ್ದಾಲಿಕೆಗೆ ಕಟ್ಟುಪಾಡು ವಿಧಿಸಿತು. ಆದರೆ ನ್ಯಾಯಾಧೀಶರ ಪೂರ್ವಾನುಮತಿಯನ್ನು ಕಡ್ಡಾಯ ಮಾಡಲಿಲ್ಲ. 2023ರ ದೂರಸಂಪರ್ಕ ಕಾಯ್ದೆ ಹಳೆಯ ಎರಡೂ ಕಾಯ್ದೆಗಳ ಜಾಗಕ್ಕೆ ಬಂದಿದೆ. ಸಂದೇಶ ತಡೆಯುವ ಅಧಿಕಾರ ಅದರಲ್ಲೂ ಇದೆ. ಇಂದಿಗೂ ಆದೇಶ ಹೊರಡಿಸುವವರು ಗೃಹ ಕಾರ್ಯದರ್ಶಿ. ಆ ಆದೇಶ ಸರಿಯೇ ಎಂದು ಪರಿಶೀಲಿಸುವ ಸಮಿತಿಯಲ್ಲಿ ಕೂರುವವರೂ ಕಾರ್ಯದರ್ಶಿಗಳೇ.