ಪೆಟ್ಟಿಗೆಯೊಳಗಿನ ಲಿವರ್

ಕುಯ್ಲಿನ ಕಾಲದಲ್ಲಿ ಚಿಕ್ಕಮಗಳೂರು ಸೀಮೆಯ ಗೋಣಿಬೀಡಿನ ಕಾಫಿ ತೋಟಗಳಲ್ಲಿ ಸಂಜೆಯಾದರೆ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಸದ್ದು ಮಾಡಲೇಬೇಕು. ಅಂದು ಕುಯ್ದ ಹಣ್ಣನ್ನು ಅಂದೇ ಪಲ್ಪ್ ಮಾಡದೆ ಮೂಟೆಯಲ್ಲೇ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಕಾವು ಏರಿ ಹುಳಿ ವಾಸನೆ ಹೊಡೆಯುತ್ತದೆ. ಗಿಡ ಬಿಟ್ಟರೂ ಹಣ್ಣು ಸುಮ್ಮನಿರುವುದಿಲ್ಲ. ದೇಹ ಬಿಟ್ಟ ಲಿವರ್ ಕೂಡ ಸುಮ್ಮನಿರುವುದಿಲ್ಲ, ಅದರ ಗಡುವು ಇನ್ನೂ ಬಿಗಿ.

2022ರ ಸೆಪ್ಟೆಂಬರಿನಲ್ಲಿ ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆಯಲ್ಲಿ, ಮಿದುಳು ನಿಷ್ಕ್ರಿಯಗೊಂಡ ವಿದ್ಯಾರ್ಥಿನಿಯೊಬ್ಬಳ ಅಂಗಾಂಗಗಳನ್ನು ಮನೆಯವರು ದಾನ ಮಾಡಿದರು. ಹೃದಯ ಹೆಲಿಕಾಪ್ಟರಿನಲ್ಲಿ ಬೆಂಗಳೂರಿಗೆ ಹೋಯಿತು. ನೋಡಿದವರಿಗೆ ಅಬ್ಬರವೆನಿಸಿರಬಹುದು, ಲೆಕ್ಕ ಮಾತ್ರ ಸರಳ. ಐಸ್ ಪೆಟ್ಟಿಗೆಯಲ್ಲಿ ಹೃದಯ ತಾಳುವುದು ನಾಲ್ಕರಿಂದ ಆರು ಗಂಟೆ, ಲಿವರ್ ಸುಮಾರು ಹನ್ನೆರಡು, ಕಿಡ್ನಿ ಒಂದು ದಿನ.

ಲಿವರಿಗೆ ಆ ಹನ್ನೆರಡು ಗಂಟೆಯೂ ಸುಲಭಕ್ಕೆ ದಕ್ಕಿದ್ದಲ್ಲ. ಅಮೆರಿಕದ ಥಾಮಸ್ ಸ್ಟಾರ್ಜಲ್ 1963ರಲ್ಲಿ ಮನುಷ್ಯರಲ್ಲಿ ಮೊದಲ ಲಿವರ್ ಕಸಿಗೆ ಕೈಹಾಕಿದರು. ಗೆಲುವು ಸಿಕ್ಕಿದ್ದು 1967ರಲ್ಲಿ. ಆಮೇಲೂ ಬಹುಕಾಲ ಕಾಡಿದ್ದು ತಣ್ಣಗಿಡುವ ಕಷ್ಟ. ನಾಲ್ಕು ಡಿಗ್ರಿಗೆ ಇಳಿಸಿದರೆ ಜೀವಕೋಶದ ಹಸಿವು ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ, ನಿಜ. ಆದರೆ ಸೋಡಿಯಂ ಹೊರಹಾಕುವ ಪಂಪುಗಳೂ ಮಲಗುತ್ತವೆ. ಸೋಡಿಯಂ ಒಳನುಗ್ಗಿ, ಹಿಂದೆಯೇ ನೀರು ನುಗ್ಗಿ, ಕೋಶ ನೆನೆಸಿದ ಕಡಲೆಯಂತೆ ಉಬ್ಬುತ್ತದೆ.

1980ರ ದಶಕದಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಬೆಲ್ಜರ್ ಮತ್ತು ಸೌದರ್ಡ್ ಇದಕ್ಕೊಂದು ದ್ರಾವಣ ಕಂಡುಹಿಡಿದರು. ಅದರಲ್ಲಿರುವ ಲ್ಯಾಕ್ಟೋಬಯೋನೇಟ್, ರಾಫಿನೋಸ್‌ಗಳ ಅಣುಗಳು ದೊಡ್ಡವು, ಕೋಶದೊಳಗೆ ತೂರಲಾರವು. ಮಾವಿನ ಮಿಡಿಯಿಂದ ಉಪ್ಪು ನೀರೆಳೆಯುವಂತೆ, ನೀರನ್ನು ಹೊರಗೇ ಹಿಡಿದಿಡುತ್ತವೆ. ಅದುವರೆಗಿದ್ದ ಆರೆಂಟು ಗಂಟೆಯ ಗಡುವು ಸಡಿಲವಾಯಿತು.

ಐಸಿನಲ್ಲಿಟ್ಟ ಲಿವರ್ ಕೆಲಸ ಮಾಡುತ್ತದೋ ಇಲ್ಲವೋ ಎಂಬುದು ಮಾತ್ರ ಹೊಲಿದ ಮೇಲೇ ತಿಳಿಯುತ್ತಿತ್ತು. ಆಕ್ಸ್‌ಫರ್ಡಿನ ಸಂಶೋಧಕರು ತಣ್ಣಗಿಡುವ ಕ್ರಮವನ್ನೇ ತಿರುವುಮುರುವು ಮಾಡಿದರು: ತಣ್ಣಗೇಕೆ, ಮೈಯ ಬಿಸಿಯಲ್ಲೇ ಇಡೋಣ! ಅವರ ಯಂತ್ರ ಲಿವರಿಗೆ ಆಮ್ಲಜನಕ ತುಂಬಿದ ರಕ್ತ ಹರಿಸುತ್ತದೆ. ಪೆಟ್ಟಿಗೆಯೊಳಗೇ ಲಿವರ್ ಪಿತ್ತರಸ ಸುರಿಸುವುದನ್ನು ವೈದ್ಯರು ಕಣ್ಣಾರೆ ನೋಡುತ್ತಾರೆ. ಹೀಗೆ ಕಾದಿರಿಸಿದ ಲಿವರನ್ನು 2013ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಮೊದಲ ಬಾರಿ ಕಸಿ ಮಾಡಲಾಯಿತು. 2018ರಲ್ಲಿ ಯುರೋಪಿನಲ್ಲಿ 220 ಕಸಿಗಳ ಅಧ್ಯಯನ ಹೊರಬಂತು: ಯಂತ್ರದಲ್ಲಿಟ್ಟಾಗ, ಹೆಚ್ಚು ಹೊತ್ತು ಇಟ್ಟರೂ, ಬಳಸದೆ ಕೈಬಿಟ್ಟ ಲಿವರುಗಳ ಪ್ರಮಾಣ ಅರ್ಧಕ್ಕಿಳಿದಿತ್ತು. ಜೂರಿಕ್‌ನಲ್ಲಂತೂ ಬೇರೆ ಆಸ್ಪತ್ರೆಗಳೆಲ್ಲ ಬೇಡವೆಂದ ಲಿವರೊಂದನ್ನು ಮೂರು ದಿನ ಯಂತ್ರದಲ್ಲಿಟ್ಟು 2021ರಲ್ಲಿ ಕಸಿ ಮಾಡಿದರು. ವರ್ಷದ ಮೇಲೆಯೂ ರೋಗಿ ಚೆನ್ನಾಗಿದ್ದರು.

ಭಾರತದಲ್ಲಿ ಹೆಚ್ಚಿನ ಲಿವರ್ ಕಸಿಗಳು ಬದುಕಿರುವ ಬಂಧುಗಳು ಕೊಟ್ಟ ತುಂಡಿನಿಂದಲೇ ನಡೆಯುತ್ತವೆ. ಅಲ್ಲಿ ದೂರದ ಮಾತಿಲ್ಲ, ಪಕ್ಕದ ಕೋಣೆಗೆ ಹೋದರಾಯಿತು. ಘಟ್ಟದ ಊರಿಂದ ರಾಜಧಾನಿಗೆ ಹೋಗಬೇಕಾದ ಲಿವರಿಗಾದರೋ ಸಾಮಾನ್ಯವಾಗಿ ಹಳೆಯ ಐಸ್ ಪೆಟ್ಟಿಗೆಯೇ ಗತಿ: ತಣ್ಣನೆ ದ್ರಾವಣ, ಒಂದರೊಳಗೊಂದು ಮೂರು ಚೀಲ, ಸುತ್ತ ಐಸು. ಐಸು ನೇರವಾಗಿ ತಾಗಬಾರದು. ತಾಗಿದ ಕಡೆ ಹೆಪ್ಪುಗಟ್ಟಿ ಆ ಭಾಗ ಕೆಡುತ್ತದೆ.