ಪ್ರೇಮಿಗಳನ್ನು ನೋಡುವ ಕಣ್ಣುಗಳು

ಫ್ರೆಂಚ್ ನಿರ್ದೇಶಕ ಫ್ರಾಂಸ್ವಾ ತ್ರುಫೊ 1957ರ ಬೇಸಿಗೆಯಲ್ಲಿ ನೀಮ್ ಎಂಬ ಪಟ್ಟಣದಲ್ಲಿ ಒಂದು ಕಿರುಚಿತ್ರ ತೆಗೆದರು. ಹೆಸರು ‘ಲೆ ಮಿಸ್ತೊ’, ಅಂದರೆ ತುಂಟ ಹುಡುಗರು. ಆಗ ಅವರಿಗೆ 25 ವರ್ಷ. ಅರ್ಧ ಗಂಟೆಯೂ ಇಲ್ಲದ ಈ ಕಪ್ಪು ಬಿಳುಪಿನ ಚಿತ್ರದಲ್ಲಿ ಬರ್ನಾಡೆಟ್ ಮತ್ತು ಜೆರಾರ್ ಎಂಬ ಯುವ ಪ್ರೇಮಿಗಳಿದ್ದಾರೆ. ಅವರ ಬೆನ್ನು ಹತ್ತಿದ ಐವರು ಬಾಲಕರಿದ್ದಾರೆ. ಹುಡುಗಿಯ ಸೈಕಲ್ಲು ಬಿಸಿಲಿನಲ್ಲಿ ಕನಸಿನಂತೆ ತೇಲಿಹೋಗುತ್ತದೆ. ತಮಗೆ ದಕ್ಕದ ಸುಖವನ್ನು ಕಂಡು ಕೆರಳಿದ ಬಾಲಕರು ಪ್ರೇಮಿಗಳನ್ನು ಕಾಡುತ್ತಾರೆ, ಅಣಕಿಸುತ್ತಾರೆ. ಪರ್ವತಾರೋಹಣಕ್ಕೆ ಹೋದ ಜೆರಾರ್ ಹಿಂತಿರುಗುವುದಿಲ್ಲ. ಅಂದಿನ ಬಾಲಕನೊಬ್ಬ ದೊಡ್ಡವನಾಗಿ ಈ ಕಥೆಯನ್ನು ನೆನೆಯುತ್ತಾನೆ. ಚಿತ್ರದ ನಿಜವಾದ ವಸ್ತು ಪ್ರೇಮಕ್ಕಿಂತ ಹೆಚ್ಚಾಗಿ ಪ್ರೇಮವನ್ನು ನೋಡುವ ಕಣ್ಣು.

ಈ ಕಣ್ಣು ನಮಗೇನೂ ಅಪರಿಚಿತವಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ತಾಲ್ಲೂಕು ಕೇಂದ್ರಗಳಲ್ಲಿ ಒಂದು ಹುಡುಗ, ಒಂದು ಹುಡುಗಿ ಬಸ್ ನಿಲ್ದಾಣದಲ್ಲಿ ಐದು ನಿಮಿಷ ಮಾತನಾಡಿದರೆ ಸಾಕು, ಅವರು ಮನೆ ಸೇರುವ ಮೊದಲೇ ಸುದ್ದಿ ಮನೆ ಸೇರಿರುತ್ತದೆ. ಅಲ್ಲಿ ಪ್ರೇಮಕ್ಕೆ ಇಲ್ಲದಿರುವುದು ಏಕಾಂತ. ಪರದೆಯ ಮೇಲೆ ಬಣ್ಣದ ಹಾಡಾಗುವ ಪ್ರೇಮ, ಪತ್ರಿಕೆಯಲ್ಲಿ ಅಪರಾಧದ ಸುದ್ದಿಯಾಗುತ್ತದೆ. ಇವೆರಡರ ನಡುವಿನ ಬದುಕನ್ನು ತೋರಿಸಿದ ಚಿತ್ರಗಳು ವಿರಳ.

ವಿರಳವಾದರೂ ಇಲ್ಲವೆಂದಲ್ಲ. ಅನಂತಮೂರ್ತಿಯವರ ಕಥೆಯನ್ನಾಧರಿಸಿ ಗಿರೀಶ ಕಾಸರವಳ್ಳಿ 1977ರಲ್ಲಿ ನಿರ್ದೇಶಿಸಿದ ‘ಘಟಶ್ರಾದ್ಧ’ ಪೂರ್ಣಾವಧಿಯ ಚಿತ್ರವಾದರೂ ಇದೇ ಪ್ರಶ್ನೆಯನ್ನು ಇನ್ನಷ್ಟು ತೀಕ್ಷ್ಣವಾಗಿ ಕೇಳಿತು. ಅಲ್ಲಿಯೂ ನೋಡುವವನು ಒಬ್ಬ ಬಾಲಕ, ವೇದಪಾಠಕ್ಕೆ ಬಂದ ನಾಣಿ. ತರುಣ ವಿಧವೆ ಯಮುನಾಳ ಗುಟ್ಟು ಅವನಿಗೆ ಅರ್ಧ ಅರ್ಥವಾಗುತ್ತದೆ, ಅರ್ಧ ಭಯ ಹುಟ್ಟಿಸುತ್ತದೆ. ಆದರೆ ನೀಮ್‌ನ ಹುಡುಗರಂತೆ ಅವನು ಕಾಡುವುದಿಲ್ಲ. ಅವಳ ಕೈ ಹಿಡಿಯುತ್ತಾನೆ. ಎಸ್. ರಾಮಚಂದ್ರ ಅವರ ಕ್ಯಾಮೆರಾ ಆ ಕಪ್ಪು ಬಿಳುಪಿನಲ್ಲಿ ಕಾಡಿನ ಕತ್ತಲೆಯನ್ನೂ ಮನೆಯೊಳಗಿನ ಕತ್ತಲೆಯನ್ನೂ ಒಂದಾಗಿಸಿತು. ಕೊನೆಯಲ್ಲಿ ತಂದೆಯೇ ಬದುಕಿರುವ ಮಗಳ ಶ್ರಾದ್ಧ ಮಾಡುತ್ತಾನೆ. ಸ್ವರ್ಣಕಮಲ ಪಡೆದ ಈ ಚಿತ್ರ ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಉತ್ಸವದಲ್ಲಿ ಪ್ರದರ್ಶನಗೊಂಡಿತು.

ಮಗಳಿಗೆ ಬಾಗಿಲು ಮುಚ್ಚಿದ ತಂದೆ ಚನ್ನಗಿರಿ ಸೀಮೆಗೂ ಹಳೆಯ ಪರಿಚಯ. ಎರಡು ಗುಡ್ಡಗಳ ನಡುವೆ ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ ಕಟ್ಟಿದ ಸೂಳೆಕೆರೆಯ ಐತಿಹ್ಯವೇ ಅದು. ಹೇಳುವವರು ಬದಲಾದಂತೆ ವಿವರಗಳೂ ಬದಲಾಗುತ್ತವೆ. ತಿರುಳು ಮಾತ್ರ ಒಂದೇ. ರಾಜಕುಮಾರಿ ಶಾಂತವ್ವ ಹೆತ್ತವರಿಗೆ ಹೇಳದೆ ಸಿದ್ಧೇಶ್ವರನನ್ನು ಕಾಣಲು ಹೋಗುತ್ತಾಳೆ. ಹಿಂತಿರುಗಿದಾಗ ತಂದೆ ಅವಳನ್ನು ಸೂಳೆಯೆಂದು ಜರೆದು ಒಳಗೆ ಬಿಡುವುದಿಲ್ಲ. ಆ ಕಳಂಕವನ್ನು ತೊಳೆಯಲು ಅವಳು ಕೆರೆ ಕಟ್ಟಿಸಲು ಹೊರಡುತ್ತಾಳೆ. ಕೆರೆಗೆ ಬೇಕಾದ ನೆಲ ಇದ್ದದ್ದು ವೇಶ್ಯೆಯರ ಕೇರಿಯಲ್ಲಿ. ತಮ್ಮ ಹೆಸರು ಉಳಿಯುವುದಾದರೆ ಮಾತ್ರ ಜಾಗ ಬಿಡುತ್ತೇವೆ ಎಂದು ಅವರು ಷರತ್ತು ಹಾಕುತ್ತಾರೆ. ಕೆರೆ ತುಂಬುತ್ತದೆ, ಶಾಂತವ್ವ ಅದಕ್ಕೆ ಹಾರವಾಗುತ್ತಾಳೆ.

ಒಬ್ಬಳು ಒಂದು ಹೆಸರನ್ನು ಅಳಿಸಲು ಹೊರಟಳು. ಉಳಿದವರು ಅದೇ ಹೆಸರನ್ನು ಉಳಿಸಿಕೊಳ್ಳಲು ಹಟ ಹಿಡಿದರು. ಇಂದು ಕೆರೆಗೆ ಶಾಂತಿಸಾಗರ ಎಂಬ ಸಭ್ಯವಾದ ಹೆಸರಿದೆ. ಅದರಲ್ಲಿ ಶಾಂತವ್ವನ ನೆನಪೇನೋ ಇದೆ, ಆದರೆ ಅವಳಿಗಾದ ಅವಮಾನವೂ, ನೆಲ ಕೊಟ್ಟ ಹೆಂಗಸರ ಷರತ್ತೂ ನೀರಿನಡಿ ಸೇರಿವೆ. ಜನರ ಬಾಯಲ್ಲಿ ಮಾತ್ರ ಹಳೆಯ ಹೆಸರು ಸತ್ತಿಲ್ಲ.

ಇಂಥ ಕಥೆಗೆ ಎರಡೂವರೆ ಗಂಟೆಯ ವೈಭವ ಬೇಕಿಲ್ಲ. ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಕಲಿತ ಚಿದಾನಂದ ನಾಯ್ಕ, ಕೋಳಿ ಕದ್ದ ಮುದುಕಿಯಿಂದಾಗಿ ಊರಿಗೆ ಬೆಳಗೇ ಆಗದ ಜನಪದ ಕಥೆಯನ್ನು 16 ನಿಮಿಷಗಳ ಕನ್ನಡ ಚಿತ್ರವಾಗಿಸಿ, 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಮೊದಲ ಬಹುಮಾನ ಪಡೆದರು. ಹೊನ್ನಾಳಿಯ ಹೊಳೆದಂಡೆ, ಚನ್ನಗಿರಿಯ ಅಡಿಕೆ ತೋಟದ ನೆರಳು, ಜಗಳೂರಿನ ಕುರುಚಲು ಕಾಡು ಇವೆಲ್ಲ ಬಣ್ಣ ಕಳಚಿಟ್ಟರೂ ಸೊಗಸು ಕಳೆದುಕೊಳ್ಳುವ ತಾಣಗಳಲ್ಲ. ಇಲ್ಲಿನ ಯಾವನೋ ಹುಡುಗ, ಯಾವಳೋ ಹುಡುಗಿ ಒಂದು ದಿನ ಶಾಂತವ್ವನನ್ನು ಪರದೆಗೆ ತಂದಾರು.

ವಯಸ್ಕರಿಬ್ಬರು ಒಪ್ಪಿ ಮದುವೆಯಾಗಲು ಮನೆತನದ ಅಥವಾ ಸಮುದಾಯದ ಸಮ್ಮತಿ ಅಗತ್ಯವಿಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಶಕ್ತಿವಾಹಿನಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತು. ಅಂಥ ಜೋಡಿಗಳಿಗೆ ರಕ್ಷಣೆ ನೀಡಬೇಕೆಂದೂ ಆದೇಶಿಸಿತು. ಕಾನೂನು ಬಾಗಿಲನ್ನು ತೆರೆಸಬಹುದು. ಬಾಗಿಲಲ್ಲಿ ನಿಂತು ನೋಡುವ ಕಣ್ಣನ್ನು ಬದಲಿಸುವುದು ಅದರ ಕೈಲಿಲ್ಲ. ಆ ಕೆಲಸ ಕಲೆಯದು. ಕತ್ತಲೆಯಲ್ಲಿ ಕುಳಿತು ಪ್ರೇಮಿಗಳನ್ನು ನೋಡುವ ನಾವು ನೀಮ್‌ನ ತುಂಟ ಹುಡುಗರೋ, ಯಮುನಾಳ ಕೈ ಹಿಡಿದ ನಾಣಿಯೋ ಎಂದು ನಮ್ಮನ್ನೇ ಕೇಳಿಕೊಳ್ಳುವಂತೆ ಮಾಡಿದರೆ, ಹದಿನೈದು ನಿಮಿಷಗಳ ಒಂದು ಕಿರುಚಿತ್ರವೂ ತನ್ನ ಕೆಲಸ ಮಾಡಿದಂತೆ.